ಮರುಭೂಮಿಯ ಬೆಟ್ಟದ ತುದಿಗಳಿಗೆ, ಅಲ್ಲಿರುವ ಸರ್ವೆ ಗುರುತುಗಳಿಗೆ ಹೆಸರು ಹೇಗೆ ಬರುತ್ತದೆ?

ಎರಡೂ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ, ಕೆಲವೊಮ್ಮೆ ಬೆರೆತುಹೋಗುತ್ತವೆ. ಅಮೆರಿಕದ ನೈಋತ್ಯ ಮರುಭೂಮಿಯನ್ನೇ ನೋಡಿ.

ಬೆಟ್ಟಗಳಿಗೆ ಹೆಸರಿಟ್ಟವರು ಮೂಲನಿವಾಸಿಗಳು, ಸ್ಪ್ಯಾನಿಷ್ ಮಾತಾಡುವವರು, ಆಮೇಲೆ ಬಂದ ಗಣಿಗಾರರು. ಅರಿಜೋನಾದ ಪಿಕಾಚೋ ಪೀಕ್ ತಮಾಷೆಯದು. ಸ್ಪ್ಯಾನಿಷ್‌ನಲ್ಲಿ ಪಿಕಾಚೋ ಅಂದರೇ ಶಿಖರ, ಅದರ ಮೇಲೆ ಇನ್ನೊಂದು ಪೀಕ್! ನಮ್ಮ 'ನಡು ಸೆಂಟರು' ಇದ್ದ ಹಾಗೆ, ಅಲ್ವಾ? ಸರ್ಕಾರಿ ನಕ್ಷೆಯಲ್ಲಿ ಯಾವ ಹೆಸರು ಇರಬೇಕು ಅನ್ನುವುದನ್ನು 1890ರಲ್ಲಿ ಶುರುವಾದ ಭೌಗೋಳಿಕ ಹೆಸರುಗಳ ಮಂಡಳಿ ತೀರ್ಮಾನಿಸುತ್ತದೆ. ವ್ಯಕ್ತಿಯ ಹೆಸರಿಡಬೇಕಾದರೆ ಅವರು ತೀರಿಕೊಂಡು 5 ವರ್ಷ ಆಗಿರಬೇಕು.

ಸರ್ವೆ ಗುರುತಿನ ಕಥೆ ಇನ್ನೂ ಚೆನ್ನಾಗಿದೆ. ಬಂಡೆಗೆ ಕೂರಿಸಿದ ಅಂಗೈಯಗಲದ ಲೋಹದ ಬಿಲ್ಲೆ. ನಡುವೆ ಪುಟ್ಟ ತ್ರಿಕೋನ, ಪಕ್ಕದಲ್ಲಿ ಹೆಸರು, ಇಸವಿ. ಹಳೆಯ ಬಿಲ್ಲೆಗಳಲ್ಲಿ 'ಕಿತ್ತರೆ 250 ಡಾಲರ್ ದಂಡ' ಅನ್ನುವ ಬೆದರಿಕೆಯೂ ಇರುತ್ತದೆ. ಅಕ್ಕಪಕ್ಕದ ಸಣ್ಣ ಬಿಲ್ಲೆಗಳ ಬಾಣ ಮುಖ್ಯ ಬಿಲ್ಲೆಯತ್ತ ಬೆರಳು ತೋರಿಸುತ್ತದೆ. ದಾಖಲೆಯಲ್ಲಿ ಗುರುತಿಸಲು ಒಂದು ಹೆಸರು ಬೇಕು, ಅಷ್ಟೆ. ಸರ್ವೆ ತಂಡದವರು ಬೆಟ್ಟದ ಹೆಸರನ್ನೋ ಹತ್ತಿರದ ಊರಿನ, ಒರತೆಯ ಹೆಸರನ್ನೋ ಅಚ್ಚೊತ್ತುತ್ತಿದ್ದರು.

ಬೆಟ್ಟಕ್ಕೆ ಹೆಸರೇ ಇಲ್ಲದಿದ್ದರೆ? ಹತ್ತುವವರು ಬಿಲ್ಲೆಯ ಹೆಸರನ್ನೇ ಬೆಟ್ಟಕ್ಕೆ ಅಂಟಿಸಿ 'ಇಂಥ ಬೆಂಚ್‌ಮಾರ್ಕ್' ಅಂತ ಕರೆಯುತ್ತಾರೆ. ನಿಜವಾಗಿ ಬೆಂಚ್‌ಮಾರ್ಕ್ ಅಂದರೆ ಎತ್ತರದ ಗುರುತು, ತ್ರಿಕೋನದ ಬಿಲ್ಲೆ ಇರುವುದು ಜಾಗ ಗುರುತಿಸಲು. ಆದರೆ ಬಿಸಿಲಲ್ಲಿ ಬೆಟ್ಟ ಹತ್ತಿ ಬಂದವರ ಹತ್ತಿರ ಅದನ್ನು ಯಾರು ವಾದಿಸುತ್ತಾರೆ!