ಸಂಪಾದಕರ ಉತ್ತರ: ಅರ್ಧ ಶುಲ್ಕದ ಕಾಲೇಜು

ಶಿವಮೊಗ್ಗದಿಂದ ಪತ್ರ ಬರೆದಿರುವ ಮಾನ್ಯ ಓದುಗರಿಗೆ, ನಮಸ್ಕಾರ.

‘ಬಾಗಿಲು ಮುಚ್ಚುತ್ತಿರುವ ಅಮೆರಿಕದ ವಿಶ್ವವಿದ್ಯಾಲಯಗಳು’ ಎಂಬ ನಮ್ಮ ಕಳೆದ ಸಂಚಿಕೆಯ ಲೇಖನದ ಬಗ್ಗೆ ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಹಾರ್ವರ್ಡ್‌ನಂಥ ಕುಬೇರ ಸಂಸ್ಥೆಗಳಿರುವ ದೇಶದಲ್ಲಿ ಕಾಲೇಜುಗಳಿಗೆ ಹಣದ ಕೊರತೆಯೆಂದರೆ ನಂಬುವುದು ಹೇಗೆ ಎಂಬುದು ಮೊದಲನೆಯದು. ತಮ್ಮ ಮಗಳಿಗೆ ಅಲ್ಲಿನ ಸಣ್ಣ ಖಾಸಗಿ ಕಾಲೇಜೊಂದು ಅರ್ಧ ಶುಲ್ಕ ಬಿಟ್ಟುಕೊಟ್ಟು ಸೀಟು ನೀಡಿದೆ, ಕಾಸಿಗೆ ತತ್ವಾರವಿರುವವರು ಹೀಗೆ ಉದಾರರಾಗುತ್ತಾರೆಯೆ ಎಂಬುದು ಎರಡನೆಯದು.

ಶೀರ್ಷಿಕೆಯ ಮಟ್ಟಿಗೆ ತಪ್ಪು ನಮ್ಮದೇ. ಮುಚ್ಚುತ್ತಿರುವವು ಬಹುಪಾಲು ಸಣ್ಣ ಕಾಲೇಜುಗಳು. ವಿದ್ಯಾರ್ಥಿಗಳ ಶುಲ್ಕ ಬಂದರೆ ಮಾತ್ರ ಒಲೆ ಹೊತ್ತುವಂಥವು. ಹಾರ್ವರ್ಡ್‌ನ ದತ್ತಿನಿಧಿ 2024ರಲ್ಲಿ ಸುಮಾರು 5,300 ಕೋಟಿ ಡಾಲರ್ ಇತ್ತು, ನಿಜ. ಆದರೆ ಅದರ ಬಹುಭಾಗ ದಾನಿಗಳು ಇಂಥದ್ದಕ್ಕೇ ಎಂದು ಗೊತ್ತುಮಾಡಿ ಕೊಟ್ಟ ಹಣ. ನಮ್ಮಲ್ಲಿ ದತ್ತಿ ಉಪನ್ಯಾಸಕ್ಕೆಂದು ಇಟ್ಟ ಠೇವಣಿಯಿಂದ ಸಭಾಭವನಕ್ಕೆ ಸುಣ್ಣ ಹೊಡೆಸಲಾಗದಲ್ಲ, ಹಾಗೆ. ಅಂಥ ಸಿರಿವಂತ ಸಂಸ್ಥೆಗಳ ನಿಧಿಯ ಆದಾಯದ ಮೇಲೆ 2017ರಲ್ಲಿ ಶೇ 1.4ರಷ್ಟು ತೆರಿಗೆ ಬಂತು. 2025ರ ಕಾಯಿದೆ ಅದನ್ನು ಶೇ 8ರವರೆಗೂ ಏರಿಸಿತು. ಅವುಗಳ ಸಂಕಟ ಬೇರೆ ಬಗೆಯದು. ಅವು ನಾಳೆಯೇ ಬೀಗ ಹಾಕುವುದಿಲ್ಲ.

ಇನ್ನು ರಿಯಾಯಿತಿಯ ವಿಷಯ. ತಮ್ಮ ಮಗಳ ಜಾಣತನದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೂ ಹೇಳಬೇಕಾದದ್ದನ್ನು ಹೇಳುತ್ತೇನೆ: ಅಮೆರಿಕದ ಖಾಸಗಿ ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಸೇರುವವರಿಗೆ ಮುದ್ರಿತ ಶುಲ್ಕದಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚೇ ಸೋಡಿ ಸಿಗುತ್ತದೆ. ಅದಕ್ಕೆ ವಿದ್ಯಾರ್ಥಿವೇತನವೆಂಬ ಗೌರವದ ಹೆಸರಿದ್ದರೂ, ಅನೇಕ ಕಡೆ ಅದರ ಹಿಂದೆ ದಾನಿಯ ಹಣವಾಗಲಿ ನಿಧಿಯಾಗಲಿ ಇರುವುದಿಲ್ಲ. ಆಷಾಢದಲ್ಲಿ ಜವಳಿ ಅಂಗಡಿಯವರು ಚೀಟಿಯ ಮೇಲಿನ ಬೆಲೆ ಹೊಡೆದು ಹಾಕಿ ಕೆಳಗೆ ಬರೆಯುವ ಬೆಲೆಯೇ ಅದು. ತರಗತಿ ಖಾಲಿ ಉಳಿಯುವುದಕ್ಕಿಂತ ಅರ್ಧ ಶುಲ್ಕವಾದರೂ ಬರಲಿ ಎಂಬ ಲೆಕ್ಕ. ವರ್ಷದಿಂದ ವರ್ಷಕ್ಕೆ ಸೋಡಿ ಹೆಚ್ಚಿಸುತ್ತ ಹೋದ ಕಾಲೇಜಿಗೆ, ಹಾಜರಿ ಪುಸ್ತಕ ತುಂಬಿದ್ದರೂ ಪೆಟ್ಟಿಗೆ ತುಂಬುವುದಿಲ್ಲ.

ಈಗ ಮಕ್ಕಳೇ ಕಡಿಮೆಯಾಗುವ ಕಾಲ ಬಂದಿದೆ. ಅಮೆರಿಕದಲ್ಲಿ 2007ರಲ್ಲಿ 43 ಲಕ್ಷಕ್ಕೂ ಹೆಚ್ಚು ಶಿಶುಗಳು ಹುಟ್ಟಿದ್ದವು. ಮರುವರ್ಷದ ಆರ್ಥಿಕ ಕುಸಿತದಿಂದ ಆಚೆಗೆ ಜನನಸಂಖ್ಯೆ ಇಳಿಯುತ್ತ ಬಂತು. ಆ ತುಂಬು ವರ್ಷದ ಮಕ್ಕಳಿಗೆ ಹದಿನೆಂಟು ತುಂಬಿದ್ದು 2025ರಲ್ಲಿ. ಊರಿನ ಮಕ್ಕಳ ಕೊರತೆಯನ್ನು ಹೊರದೇಶದವರಿಂದ ತುಂಬಿಕೊಳ್ಳೋಣವೆಂದರೆ ವೀಸಾ ಬಿಗಿಯಾಗಿದೆ. 2023-24ರಲ್ಲಿ ಅಲ್ಲಿದ್ದ ಸುಮಾರು 11.27 ಲಕ್ಷ ವಿದೇಶಿ ವಿದ್ಯಾರ್ಥಿಗಳಲ್ಲಿ 3.31 ಲಕ್ಷ ಮಂದಿ ಭಾರತೀಯರು, ಅಂದರೆ ಚೀನಾದವರಿಗಿಂತ ಹೆಚ್ಚು. ಇಲ್ಲಿ ಮನೆಪತ್ರ ಅಡವಿಟ್ಟು ಹೊರಟವರ ಶುಲ್ಕ ಅಲ್ಲಿ ಎಷ್ಟೋ ವಿಭಾಗಗಳನ್ನು ನಡೆಸುತ್ತಿದೆಯೆಂಬುದು ಸ್ನಾತಕೋತ್ತರ ತರಗತಿಗಳನ್ನು ನೋಡಿದವರಿಗೆ ಗೊತ್ತು. ಸರ್ಕಾರಿ ಸಂಸ್ಥೆಗಳಿಗೂ ಬಿಸಿ ತಟ್ಟಿದೆ: ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ 28 ಕೋರ್ಸುಗಳನ್ನೂ 143 ಅಧ್ಯಾಪಕ ಹುದ್ದೆಗಳನ್ನೂ ತೆಗೆದುಹಾಕಿತು, ವಿದೇಶಿ ಭಾಷೆಗಳಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು.

ಮುಚ್ಚುವುದೆಂದರೆ ಹೇಗಿರುತ್ತದೆ ಎಂಬುದಕ್ಕೆ ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜನ್ನು ನೋಡಬಹುದು. 1856ರಷ್ಟು ಹಿಂದಿನ ಮೂಲವಿರುವ ಸಂಸ್ಥೆ. ರಾಜ್ಯ ಸರ್ಕಾರದ ಸಾಲಕ್ಕಾಗಿ ಅಲೆದು, ಅದು ದಕ್ಕದೆ, 2024ರ ಮೇ 31ರಂದು ಮುಚ್ಚಿತು. ಅದೇ ದಿನ ಅದರ ಬೇಸ್‌ಬಾಲ್ ತಂಡ ಒಹಾಯೊದಲ್ಲಿ ರಾಷ್ಟ್ರಮಟ್ಟದ ಅಂತಿಮ ಸುತ್ತಿನ ಪಂದ್ಯಾವಳಿಯಲ್ಲಿ ಆಡುತ್ತಿತ್ತು. ಇಲ್ಲದ ಕಾಲೇಜಿನ ಹೆಸರನ್ನು ಎದೆಯ ಮೇಲೆ ಹೊತ್ತು ಆ ಹುಡುಗರು ಸೋತು ಹೊರಬೀಳುವವರೆಗೂ ಆಡಿದರು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಅದೇ ಬೇಸಿಗೆಯಲ್ಲಿ ತನ್ನವರಿಗೆ ಒಂದು ವಾರದ ಮುನ್ಸೂಚನೆಯನ್ನಷ್ಟೇ ಕೊಟ್ಟಿತು.

ಅಲ್ಲಿನ ಮಕ್ಕಳು ಹೀಗಾದಾಗ ಮನೆಗೆ ಹೋಗಿ ಕೂತು ಯೋಚಿಸಬಹುದು. ಹೊರದೇಶದ ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದ ಮೇಲಿರುವವರು ತಮ್ಮ ದಾಖಲೆಯನ್ನು ಹೊತ್ತಿಗೆ ಸರಿಯಾಗಿ ಇನ್ನೊಂದು ಸಂಸ್ಥೆಗೆ ವರ್ಗಾಯಿಸಿಕೊಳ್ಳದಿದ್ದರೆ ದೇಶ ಬಿಡಬೇಕಾಗುತ್ತದೆ. ಆದ್ದರಿಂದ ಮುಂಗಡ ಕಟ್ಟುವ ಮೊದಲು ತಾವು ಕಾಲೇಜಿಗೇ ಬರೆದು ಕೇಳಿ: ಐದು ವರ್ಷಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಎಷ್ಟು ಇಳಿದಿದೆ, ಮಾನ್ಯತೆ ನೀಡುವ ಮಂಡಳಿ ಏನಾದರೂ ಎಚ್ಚರಿಕೆ ಕೊಟ್ಟಿದೆಯೆ, ಸೋಡಿ ನಾಲ್ಕು ವರ್ಷವೂ ಉಳಿಯುತ್ತದೆಯೆ. ಕಾಲೇಜು ಲಾಭರಹಿತ ಸಂಸ್ಥೆಯಾಗಿದ್ದರೆ ಅದು ತೆರಿಗೆ ಇಲಾಖೆಗೆ ವರ್ಷವರ್ಷ ಸಲ್ಲಿಸುವ ‘ಫಾರ್ಮ್ 990’ ಎಂಬ ಲೆಕ್ಕಪತ್ರವನ್ನು ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಸಾಲುಸಾಲು ವರ್ಷ ಆದಾಯಕ್ಕಿಂತ ಖರ್ಚೇ ಹೆಚ್ಚಿದ್ದರೆ, ಸೀಟು ಒಪ್ಪಿಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಲೇಖನದ ಶೀರ್ಷಿಕೆಗೆ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ.

– ಸಂಪಾದಕ