ರಾಕೆಟ್ ವಾಪಸ್ ಬಂದು ಇಳಿದ್ರೆ ಪರಿಸರಕ್ಕೆ ಆಗೋ ಹಾನಿ ಕಡಿಮೆ ಆಗುತ್ತಾ?

ಲೋಹ ಉಳಿತಾಯ ಆಗುತ್ತೆ, ಹೊಗೆ ಕಡಿಮೆ ಆಗಲ್ಲ, ನಾನು ಹೇಳೋದಿಷ್ಟೇ. 2015ರ ಡಿಸೆಂಬರ್‌ನಲ್ಲಿ ಸ್ಪೇಸ್ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನ ಬೂಸ್ಟರ್, ಅಂದ್ರೆ ಕೆಳಗಿನ ಹಂತ, ಮೊದಲ ಸಲ ವಾಪಸ್ ಬಂದು ನೆಟ್ಟಗೆ ನಿಂತ್ಕೊಳ್ತು, ಈಗ ಒಂದೊಂದನ್ನ ಇಪ್ಪತ್ತು ಮೂವತ್ತು ಸಲ ಹಾರಿಸ್ತಾರೆ, ಒಂಬತ್ತು ಇಂಜಿನ್ ಸಮುದ್ರದ ಪಾಲಾಗೋದು ತಪ್ತು, ಸರಿ. ಆದ್ರೆ ಪ್ರತಿ ಸಲಾನೂ ನೂರು ಟನ್‌ಗಿಂತ ಜಾಸ್ತಿ ಸೀಮೆಎಣ್ಣೆ ಸುಡಲೇಬೇಕಲ್ಲ, ಇಳಿಯೋಕೆ ಅಂತ ಅದ್ರಲ್ಲೇ ಸ್ವಲ್ಪ ಉಳಿಸ್ಕೋಬೇಕು ಬೇರೆ.

ಎಲ್ರೂ ಕಾರ್ಬನ್ ಡೈಆಕ್ಸೈಡ್ ಹಿಡ್ಕೊಂಡು ಜಗಳ ಆಡ್ತಾರೆ, ವಿಮಾನಗಳ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಚಿಂತೆ ಇರೋದು ಮಸಿಯದ್ದು. ಇಳಿದ ಬೂಸ್ಟರ್ ಫೋಟೋ ನೋಡಿ, ಬಿಳಿ ಬಣ್ಣ ಬಳಿದಿದ್ದು ಕರ್ರಗಾಗಿರುತ್ತೆ, ತನ್ನದೇ ಹೊಗೆಯೊಳಗೆ ತೂರಿ ಬಂದಿರೋದಕ್ಕೆ. ಮೇಲೆ ಹೋಗುವಾಗ ಕಾಣೋ ಆ ಕಿತ್ತಳೆ ಬೆಂಕಿ ಇದ್ಯಲ್ಲ, ಅದೂ ಕಾದು ಹೊಳೀತಿರೋ ಮಸಿನೇ. ನೆಲದ ಹತ್ರ ಆದ್ರೆ ಮಳೆ ತೊಳೆದುಬಿಡುತ್ತೆ, ಮೋಡಗಳಿಗಿಂತ ಮೇಲಿರೋ ಸ್ಟ್ರಾಟೋಸ್ಫಿಯರ್‌ನಲ್ಲಿ ಮಳೆ ಎಲ್ಲಿಂದ ಬರ್ಬೇಕು, ವರ್ಷಗಟ್ಟಲೆ ಅಲ್ಲೇ ತೇಲ್ತಾ ಬಿಸಿಲು ಹೀರ್ಕೊಳ್ಳುತ್ತೆ. 2022ರಲ್ಲಿ ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದ ಸಂಶೋಧಕರು ಹಾಕಿದ ಲೆಕ್ಕದ ಪ್ರಕಾರ ರಾಕೆಟ್ ಮಸಿ ಬೇರೆ ಕಡೆಯ ಮಸಿಗಿಂತ ಸುಮಾರು 500 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತೆ.

ಘನ ಇಂಧನದ ಬೂಸ್ಟರ್‌ಗಳು ಇನ್ನೊಂದು ತರ, ಅವು ಕ್ಲೋರಿನ್ ತಗೊಂಡು ಹೋಗಿ ಸೀದಾ ಓಜೋನ್ ಪದರದಲ್ಲೇ ಬಿಡ್ತವೆ. ಹೈಡ್ರೋಜನ್ ಉರಿದ್ರೆ ನೀರಾವಿ ಅಷ್ಟೇ ಅಂತಾರೆ, ಆದ್ರೆ ಆ ಹೈಡ್ರೋಜನ್ನನ್ನ ಬಹುಪಾಲು ನೈಸರ್ಗಿಕ ಅನಿಲದಿಂದಲೇ ಮಾಡೋದು, ಅದನ್ನ ಯಾರೂ ಹೇಳಲ್ಲ.

ಇನ್ನೊಂದು ವಿಷ್ಯ, ಫಾಲ್ಕನ್ 9ರಲ್ಲಿ ವಾಪಸ್ ಬರೋದು ಕೆಳಗಿನ ಹಂತ ಮಾತ್ರ, ಮೇಲಿನ ಹಂತ ಪ್ರತಿ ಸಲ ಹೊಸದು, ಅದು ಸಾಮಾನ್ಯವಾಗಿ ವಾತಾವರಣದಲ್ಲೇ ಉರಿದುಹೋಗುತ್ತೆ, ಆಯಸ್ಸು ಮುಗಿದ, ಅದೇ ಕಂಪನಿಯ ಇಂಟರ್ನೆಟ್ ಕೊಡೋ ಸ್ಟಾರ್‌ಲಿಂಕ್ ಉಪಗ್ರಹಗಳೂ ಹಾಗೇ. ಉರಿದುಹೋಗುತ್ತೆ ಅಂದ್ರೆ ಮಾಯ ಆಗಲ್ಲ ಕಣ್ರೀ, ಅಲ್ಯೂಮಿನಿಯಂ ಪುಡಿಯಾಗಿ ಮೇಲೇ ಉಳಿಯುತ್ತೆ. 2023ರಲ್ಲಿ ವಿಮಾನದಲ್ಲಿ ಹೋಗಿ ಸ್ಟ್ರಾಟೋಸ್ಫಿಯರ್ ಕಣಗಳನ್ನ ಅಳೆದವರು, ದೊಡ್ಡ ಸಲ್ಫ್ಯೂರಿಕ್ ಆಸಿಡ್ ಕಣಗಳಲ್ಲಿ 10%ರಷ್ಟರಲ್ಲಿ ಬಾಹ್ಯಾಕಾಶ ನೌಕೆಗಳ ಲೋಹ ಇದೆ ಅಂತ ಹೇಳಿದ್ರು. ಬೂಸ್ಟರ್ ಉಳಿದು ಖರ್ಚು ಇಳಿದಿದ್ದಕ್ಕೇ ಇಷ್ಟೊಂದು ಉಪಗ್ರಹ ಕಳಿಸೋಕೆ ಆಗ್ತಿರೋದು, ಹಾಗಾಗಿ ರೀಯೂಸ್ ಅಂದ ಕೂಡ್ಲೇ ಒಟ್ಟು ಮಾಲಿನ್ಯ ಇಳೀತು ಅಂತ ನಾನಂತೂ ಒಪ್ಪಲ್ಲ. ಸ್ಪೇಸ್ಎಕ್ಸ್‌ನ ಹೊಸ ದೊಡ್ಡ ರಾಕೆಟ್ ಸ್ಟಾರ್‌ಶಿಪ್‌ನಲ್ಲಿ ಎರಡೂ ಹಂತ ವಾಪಸ್ ತರೋ ಪ್ಲಾನ್ ಇದೆ, ಇಂಧನ ಮೀಥೇನ್ ಆಗಿರೋದ್ರಿಂದ ಮಸಿನೂ ಕಡಿಮೆ ಇರ್ಬೇಕು, ಆದ್ರೆ ಒಂದು ಹಾರಾಟಕ್ಕೆ ಸಾವಿರ ಟನ್ ಆಸುಪಾಸು ಮೀಥೇನ್ ಬೇಕು, ಆ ರಾಕೆಟ್ಟನ್ನ ದಿನಾ ಹಾರಿಸ್ಬೇಕು ಅನ್ನೋದು ಕಂಪನಿಯವರ ಆಸೆ.