ಪೆಟ್ರೋಲ್ ಪೈಪಿಗೆ ತೋಟದ ರಬ್ಬರ್ ಯಾಕೆ ಆಗುವುದಿಲ್ಲ?

ಪ್ರಶ್ನೆ: ನಮಗೆ ಅಡಿಕೆ ಜೊತೆ ಸ್ವಲ್ಪ ರಬ್ಬರ್ ತೋಟವೂ ಇದೆ. ವೀಡ್ ಕಟರ್‌ನ ಪೆಟ್ರೋಲ್ ಪೈಪ್ ಒಡೆದಾಗ ಮನೆಯಲ್ಲಿದ್ದ ಮಾಮೂಲಿ ರಬ್ಬರ್ ಟ್ಯೂಬ್ ಸಿಕ್ಕಿಸಿದೆ. ಮಾರನೇ ದಿನಕ್ಕೇ ಊದಿಕೊಂಡು ಕಳಚಿಬಿತ್ತು. ಶಿವಮೊಗ್ಗದ ಅಂಗಡಿಯವರು ‘ನೈಟ್ರೈಲ್ ಹಾಕಿ’ ಅಂತ ಕಪ್ಪು ಪೈಪ್ ಕೊಟ್ಟರು. ಮರದ ರಬ್ಬರಿಗಿಂತ ಫ್ಯಾಕ್ಟರಿ ರಬ್ಬರೇ ಗಟ್ಟಿಯಾ? ಔಷಧಿ ಹೊಡೆಯುವ ಪಂಪಿನ ವಾಷರ್‌ಗೂ ಅದೇ ಆಗುತ್ತಾ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಂಗಡಿಯವರು ಸರಿಯಾದದ್ದನ್ನೇ ಕೊಟ್ಟಿದ್ದಾರೆ. ಹಾಗಂತ ನಿಮ್ಮ ತೋಟದ ರಬ್ಬರ್ ಕಳಪೆಯಲ್ಲ. ಲಾರಿ, ವಿಮಾನಗಳ ಟೈರಿನಲ್ಲಿ ಇವತ್ತಿಗೂ ಅದರದೇ ದೊಡ್ಡ ಪಾಲು. ಪೆಟ್ರೋಲ್ ಮುಂದೆ ಮಾತ್ರ ಅದರ ಆಟ ನಡೆಯುವುದಿಲ್ಲ.

ಮರದ ರಬ್ಬರ್ ಅಂದರೆ ಐಸೊಪ್ರೀನ್ ಅಣುಗಳ ಉದ್ದನೆಯ ಸರಪಳಿ. ಅದರಲ್ಲಿರುವುದು ಇಂಗಾಲ, ಜಲಜನಕ ಎರಡೇ. ಪೆಟ್ರೋಲಿನಲ್ಲೂ ಹೆಚ್ಚುಕಮ್ಮಿ ಅವೇ. ಒಂದೇ ಜಾತಿಯವು, ಸುಲಭವಾಗಿ ಬೆರೆಯುತ್ತವೆ. ಪೆಟ್ರೋಲ್ ಸರಪಳಿಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಗಂಧಕ ಹಾಕಿ ಬೇಯಿಸಿ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿರುವುದರಿಂದ ಕರಗಿ ಹೋಗುವುದಿಲ್ಲ, ಊದುತ್ತದೆ. ನಂಬಿಕೆ ಬರದಿದ್ದರೆ ಒಂದು ರಬ್ಬರ್ ಬ್ಯಾಂಡನ್ನು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ಮುಳುಗಿಸಿಡಿ, ಒಲೆಯಿಂದ ದೂರ. ಬೆಳಗ್ಗೆ ದಪ್ಪಗೆ, ಮೆತ್ತಗೆ ಆಗಿರುತ್ತದೆ. ಎಳೆದರೆ ಸುಲಭವಾಗಿ ತುಂಡಾಗುತ್ತದೆ.

ನೈಟ್ರೈಲ್ ಅನ್ನುವ ಫ್ಯಾಕ್ಟರಿ ರಬ್ಬರ್ ಹುಟ್ಟಿದ್ದು 1930ರ ಸುಮಾರಿಗೆ, ಜರ್ಮನಿಯಲ್ಲಿ. ಬ್ಯುಟಾಡೈಯೀನ್ ಅನ್ನುವ ರಾಸಾಯನಿಕದ ಜೊತೆ ಅಕ್ರಿಲೊನೈಟ್ರೈಲ್ ಅನ್ನುವ ಇನ್ನೊಂದನ್ನು ಸೇರಿಸಿ ಮಾಡುತ್ತಾರೆ. ಈ ಎರಡನೆಯದರಲ್ಲಿ ಸಾರಜನಕವಿದೆ. ಅದು ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹಾಗಾಗಿ ಆ ಭಾಗದ ಒಂದು ತುದಿ ಸ್ವಲ್ಪ ಋಣ, ಇನ್ನೊಂದು ಸ್ವಲ್ಪ ಧನ. ಸರಪಳಿಗಳು ಪರಸ್ಪರ ಬಿಗಿಯಾಗಿ ಹಿಡಿದುಕೊಂಡು ಪೆಟ್ರೋಲಿಗೆ ಜಾಗ ಬಿಡುವುದಿಲ್ಲ. ಅಕ್ರಿಲೊನೈಟ್ರೈಲ್ ಸಾಮಾನ್ಯವಾಗಿ ನೂರಕ್ಕೆ 18ರಿಂದ 50ರಷ್ಟು ಇರುತ್ತದೆ. ಜಾಸ್ತಿಯಾದಷ್ಟೂ ಎಣ್ಣೆಗೆ ತಡೆ ಜಾಸ್ತಿ, ಆದರೆ ಚಳಿಗೆ ಬೇಗ ಬಿಗಿದುಕೊಳ್ಳುತ್ತದೆ. ಬೈಕಿನ ಆಯಿಲ್ ಸೀಲ್, ಆಸ್ಪತ್ರೆಯ ನೀಲಿ ಕೈಗವಸು ಎಲ್ಲ ಇದೇ ಬಳಗ.

ಇದಕ್ಕೂ ಐಬುಗಳಿವೆ. ಬಿಸಿಲಲ್ಲಿ ಬಿದ್ದಿದ್ದರೆ ಬಿರುಕು ಬಿಡುತ್ತದೆ. ಎಥನಾಲ್ ಬೆರೆತ ಪೆಟ್ರೋಲಿಗೆ ಅಗ್ಗದ ನೈಟ್ರೈಲ್ ಕೂಡ ಊದಬಹುದು. ಪೈಪ್ ಕೊಳ್ಳುವಾಗ ಇ20ಕ್ಕೆ, ಅಂದರೆ ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ, ಆಗುತ್ತಾ ಅಂತ ಕೇಳಿಬಿಡಿ.

ಇನ್ನು ಪಂಪಿನ ವಾಷರ್. ನೀವು ಕೇಳದಿದ್ದರೂ ನಾನೇ ಹೇಳುತ್ತಿದ್ದೆ, ಮಲೆನಾಡಿನಲ್ಲಿ ಇದೇ ದೊಡ್ಡ ತಲೆನೋವು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತದಲ್ಲಿ ತಾಮ್ರವಿದೆ. ಮರದ ರಬ್ಬರಿಗೆ ತಾಮ್ರ ಅಂದರೆ ವಿಷ. ಗಾಳಿಯ ಆಮ್ಲಜನಕ ಸರಪಳಿಯನ್ನು ತುಂಡರಿಸುವ ಕೆಲಸಕ್ಕೆ ಅದು ವೇಗ ಕೊಡುತ್ತದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆದು ಹಾಗೇ ಇಟ್ಟ ಪಂಪಿನ ವಾಷರ್ ಅಂಟಂಟಾಗುವುದಕ್ಕೆ ಇದೂ ಒಂದು ಕಾರಣ. ಎಲೆ ಉದುರುವ ರೋಗಕ್ಕೆ ರಬ್ಬರ್ ಮರಗಳಿಗೆ ತಾಮ್ರ ಹೊಡೆದಾಗಲೂ ಅದು ರಬ್ಬರ್ ಹಾಲಿಗೆ ಸೇರದ ಹಾಗೆ ನೋಡಿಕೊಳ್ಳಬೇಕು.

ನೈಟ್ರೈಲ್‌ಗೆ ತಾಮ್ರದ ಕಾಟ ಅಷ್ಟಿಲ್ಲ, ಪಂಪಿನ ಗ್ರೀಸಿಗೂ ಅದು ಹೆದರುವುದಿಲ್ಲ. ಧಾರಾಳವಾಗಿ ಹಾಕಿ. ಕೆಲವರು ಇಪಿಡಿಎಂ ಅನ್ನುವ ಇನ್ನೊಂದು ಫ್ಯಾಕ್ಟರಿ ರಬ್ಬರಿನ ವಾಷರ್ ಕೊಡುತ್ತಾರೆ. ನೀರಿಗೆ, ಬಿಸಿಲಿಗೆ ಅದು ಇನ್ನೂ ಒಳ್ಳೆಯದು. ಆದರೆ ಗ್ರೀಸ್, ಪೆಟ್ರೋಲ್ ತಾಗುವ ಕಡೆ ಬೇಡ, ಅದೂ ಊದುತ್ತದೆ. ಯಾವುದೇ ಹಾಕಿದರೂ ಹೊಡೆದು ಮುಗಿದ ಮೇಲೆ ಒಂದೆರಡು ಕೊಡ ಒಳ್ಳೆ ನೀರನ್ನು ಪಂಪಿನಲ್ಲಿ ಹಾಯಿಸಿಬಿಡಿ.